ಸಂದು ಕಾಣಬಾರದು

ಮೈಸೂರು, ಮಂಡಿ ಮೊಹಲ್ಲದ ಒಂದು ಓಣಿ.
ಬೀಟೆಮರದ ಪುಡಿ ಮೂಗಿಗೇರಿ
ಸೀನುತ್ತ ನಿಂತಿದ್ದೆ.
ಹೊಸ ಅಧ್ಯಕ್ಷರ ಸನ್ಮಾನಕ್ಕೆ ಫಲಕ ಬೇಕಿತ್ತು:
ಕಾರೆಕೊಪ್ಪಲು ಹಾಲು ಉತ್ಪಾದಕರ ಸಂಘ,
ನಡುವೆ ಹಸು, ಕೆಳಗೆ ಬೋರಲಿಂಗುವಿನ ಹೆಸರು.

ಇನಾಯತ್ ಮೇಸ್ತ್ರಿ ತಲೆ ಎತ್ತಲಿಲ್ಲ.
ಕೂದಲೆಳೆಯಂಥ ಗರಗಸ
ಹಲಸಿನ ಹಳದಿ ಹೋಳಿನಿಂದ
ಹಸುವಿನ ಕಿವಿ ಬಿಡಿಸುತ್ತಿತ್ತು.
ಬೀಟೆಯ ಕಪ್ಪಿನಲ್ಲಿ ಕಿವಿಯಷ್ಟೇ ಗುಳಿ.
ಕೂರಿಸಿ, ಹೆಬ್ಬೆರಳಲ್ಲಿ ಒತ್ತಿ,
"ಕಣ್ಣು ಮುಚ್ಕೊಂಡು ಮುಟ್ಟಿ ಸಾರ್.
ಸಂದು ಸಿಕ್ಕಿದ್ರೆ ದುಡ್ಡೇ ಬೇಡ.
ನಮ್ಮ ಅಬ್ಬಾದು ಹುನ್ನರ್ ಇದು."

ಚಾಚಿದ ಕೈ ಹಿಂದಕ್ಕೆ ಬಂತು.

ಮೊನ್ನೆ ಸೋಮವಾರ ಸಂಘದ ಜಗಲಿಯಲ್ಲಿ
ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ
ಸೋತ ಕಾಳೀರಯ್ಯ ಅಂದದ್ದೂ ಅದೇ ಪದ,
ಒಂದು ದೀರ್ಘ ಹೆಚ್ಚು:
"ಇದು ಯಾರ್ದೋ ಹುನ್ನಾರ ಕಣ್ಲಾ."

ಹದಿಮೂರು ನಿರ್ದೇಶಕರು.
ಅವರಿಗೆ ಏಳು, ಬೋರಲಿಂಗುವಿಗೆ ಆರು,
ಮೂರನೇ ಕ್ಲಾಸಿನ ಲೆಕ್ಕ.
ಏಳರಲ್ಲೊಬ್ಬನನ್ನು ಭಾನುವಾರ ಸಂಜೆಯೇ
ಸುಮೋದಲ್ಲಿ ತಲಕಾಡಿಗೆ ಸಾಗಿಸಿ
ಮರಳಿನ ಮೇಲೆ ಕೋಳಿಸಾರು ಉಣ್ಣಿಸಿ ಮಲಗಿಸಿದರು.
ಇದನ್ನು ಊರೇ ಬಲ್ಲದು.
ಊರು ಅರಿಯದ್ದು ಇನ್ನೊಂದು:
ತೋಟದ ಮನೆಯ ಚಿಕ್ಕಮರಿಗೌಡನ ನೋಟೀಸು.
ಸಭೆ ಹತ್ತಕ್ಕೆ. ಆ ಹತ್ತರ ಸೊನ್ನೆಯನ್ನು ನಾನು
ಹೊಟ್ಟೆ ಕಟ್ಟಿಸಿ, ಬಡಕಲು ಮಾಡಿ,
ಒಂದರ ಪಕ್ಕ ಇನ್ನೊಂದು ಒಂದರಂತೆ ನಿಲ್ಲಿಸಿದ್ದೆ.
ಕೋರ್ಟಿಗೆ ಹೋದರೆ ಅದು ಸೊನ್ನೆಯೇ.
ಗೌಡ ಹನ್ನೊಂದಕ್ಕೆ ಬಂದ,
ಎಮ್ಮೆ ತೊಳೆದು, ಅಂಗಿ ಬದಲಿಸಿ, ಕ್ರಾಪು ಬಾಚಿ.
ಪೇಡ ಹಂಚುತ್ತಿದ್ದರು. ಅವನೂ ಒಂದು ತಿಂದ.

ನನ್ನ ಅಕ್ಷರ ಚೆನ್ನ ಅಂತ
ಹದಿನಾಲ್ಕು ವರ್ಷದ ಹಿಂದೆ
ಕೆಲಸ ಕೊಡಿಸಿದವರು ಕಾಳೀರಯ್ಯ.

ಮೈಸೂರಿಂದ ಬಂದ ರಾತ್ರಿ
ರಿಟೈರಾದ ಮೇಷ್ಟ್ರ ಮನೆಗೆ ಹೋಗಿ
ರಟ್ಟು ಕಿತ್ತ ನಿಘಂಟು ತೆಗೆಸಿದೆ.
ಹುನ್ನಾರ. ಪಾರಸಿಯ ಹುನರ್.
ಕಸುಬು, ಕೈಚಳಕ, ಜಾಣ್ಮೆ;
ಅರ್ಧವಿರಾಮದ ಆಚೆ: ಉಪಾಯ, ಒಳಸಂಚು.
ಯಾವ ದಾರಿ ಹಿಡಿದು ಬಂತೋ,
ಕುದುರೆಯ ಜೀನಿನ ಮೇಲೋ, ಕಚೇರಿಯ ಕಡತದೊಳಗೋ,
ಎಲ್ಲಿ ಉಳಿ ಕೆಳಗಿಟ್ಟು ಬರಿಗೈಯಾಯಿತೋ,
ಪುಸ್ತಕ ಹೇಳುವುದಿಲ್ಲ.
ಒಂದು ಚುಕ್ಕೆ, ಅದರ ಕೆಳಗೊಂದು ಬಾಲ.
ಅಷ್ಟರಲ್ಲೇ ಆಗಿಹೋಗಿದೆ.

ಮೇಷ್ಟ್ರು ನಕ್ಕರು:
"ಮಸಲತ್ತೂ ಅಷ್ಟೇ ಕಣಯ್ಯ,
ತವರಲ್ಲಿ ಅದಕ್ಕೆ ಒಳಿತು ಅಂತ ಅರ್ಥ.
ತಂತ್ರ ಅಂದ್ರೆ ಮಗ್ಗ, ಹಾಸುನೂಲು.
ಎಲ್ಲ ಒಳ್ಳೇ ಮನೆತನದವೇ.
ನಮ್ಮ ಕಡೆ ಬಂದು ಎಲೆಕ್ಷನ್ನಿಗೆ ನಿಂತ್ಕೊಂಡ್ವು."
ನಾನೂ ನಕ್ಕೆ. ಯಾಕೆ ಹುಡುಕಿದೆ ಅಂತ
ಅವರು ಕೇಳಲಿಲ್ಲ.

ಫಲಕ ಈಗ ಗೋಡೆಯ ಮೇಲಿದೆ.
ಬಾಗಿಲು ಹಾಕುವ ಮುಂಚೆ, ಯಾರೂ ಇಲ್ಲದಾಗ,
ಕಣ್ಣು ಮುಚ್ಚಿ ಬೆರಳಾಡಿಸುತ್ತೇನೆ,
ಕಿವಿಯಿಂದ ಕೊರಳಿಗೆ, ಕೊರಳಿಂದ ಕೆಚ್ಚಲಿಗೆ.
ಇನಾಯತ್ ಸುಳ್ಳು ಹೇಳಿರಲಿಲ್ಲ.
ಐವತ್ತು ಹೆಚ್ಚು ಕೊಟ್ಟದ್ದನ್ನು
ಎಣಿಸಿ ವಾಪಸ್ಸು ಕೊಟ್ಟಿದ್ದರು.

ಇವತ್ತು ಬೆಳಗಿನ ಆರು.
ಕಾಳೀರಯ್ಯ ಎಂದಿನಂತೆ ಕ್ಯಾನು ಇಳಿಸಿದರು.
ಇಷ್ಟು ವರ್ಷ ಹಾಲು ಸುರಿದದ್ದೇ
"ನೀನ್ ಬರ್ಕೋ" ಅಂದು
ಆಚೆ ತಿರುಗಿ ಬೀಡಿ ಹಚ್ಚುತ್ತಿದ್ದವರು.
"ಫ್ಯಾಟು ನಾಲ್ಕು ಪಾಯಿಂಟ್ ಎರಡು" ಅಂದೆ.
ನಿಜವೇ ಅದು.
ಅವರು ಏನೂ ಅನ್ನಲಿಲ್ಲ.
ಜೇಬಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು,
ಬಗ್ಗಿ,
ಮೀಟರಿನ ಕೆಂಪು ಅಂಕಿಗಳನ್ನು
ಒಂದೊಂದಾಗಿ ಓದಿದರು.